ಕಟ್ಟೆಯಿಂದ ನೀರಿಗೆ

೯ ಮಾರ್ಚ್

ಬಾವಿ ವೀಕ್ಷಕರಿಗೆ,

ವಿಷಯ: ಫೆಬ್ರವರಿ ತಿಂಗಳ ಅಳತೆ ಕಾರ್ಡು, ಏಳನೇ ನಂಬರಿನ ಬಾವಿ.

ತಮ್ಮ ಕಾರ್ಡು ತಲುಪಿದೆ. ಹನ್ನೊಂದು ಬಾವಿಗಳ ಪೈಕಿ ಹತ್ತರ ಅಂಕಿಗಳು ಸರಿಯಾಗಿವೆ. ಏಳನೇ ಬಾವಿಯ ಎದುರು ತಾವು ಅಂಕಿಯ ಬದಲು “ಸೀಮೆಸುಣ್ಣ ಒದ್ದೆಯಾಗಲಿಲ್ಲ” ಎಂದು ಬರೆದಿದ್ದೀರಿ. ನಮೂನೆಯಲ್ಲಿ ಅಕ್ಷರಗಳಿಗೆ ಅವಕಾಶವಿರುವುದಿಲ್ಲ. ಹದಿನೈದು ದಿನಗಳೊಳಗೆ ಸರಿಯಾದ ಅಂಕಿಯನ್ನು ತಿಳಿಸತಕ್ಕದ್ದು. ತಪ್ಪಿದಲ್ಲಿ ಬಾವಿ ಬತ್ತಿದೆಯೆಂದು ಪರಿಗಣಿಸಿ ೦ ಎಂದು ನಮೂದಿಸಲಾಗುವುದು.

ತಮ್ಮ ವಿಶ್ವಾಸಿ,
ದಾಖಲೆ ಗುಮಾಸ್ತೆ
ಅಂತರ್ಜಲ ಕಚೇರಿ


೧೬ ಮಾರ್ಚ್

ದಾಖಲೆ ಗುಮಾಸ್ತೆಯವರಿಗೆ, ಅಂದರೆ ಹನ್ನೆರಡು ವರ್ಷ ತುಂಬುವವರೆಗೂ ನನ್ನ ಜಡೆ ಹಿಡಿದುಕೊಂಡೇ ನಿದ್ದೆ ಮಾಡಿದವರಿಗೆ,

ಅಮ್ಮ ಹೋದ ಮೇಲಿನ ಒಂಬತ್ತು ವರ್ಷದಲ್ಲಿ ನಿನ್ನಿಂದ ಬಂದ ಮೊದಲ ಕಾಗದ ಇದು. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಒದ್ದೆ ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು ಕೂತೆ. ಒಡೆದರೆ ಒಳಗೆ ‘ತಾವು’. ಮೊದಲು ನಗು ಬಂತು. ಆಮೇಲೆ ಕಾಗದವನ್ನು ತಿರುಗಿಸಿ ಹಿಂಬದಿಯಲ್ಲೇನಾದರೂ ಬರೆದಿದ್ದೀಯಾ ಎಂದು ನೋಡಿದೆ. ಇರಲಿಲ್ಲ.

ತಾವು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಟೇಪಿನ ತುದಿಗೆ ನೀಲಿ ಸೀಮೆಸುಣ್ಣ ಸವರಿ ಬಾವಿಗೆ ಇಳಿಬಿಡುತ್ತೇನೆ. ಮೇಲಕ್ಕೆಳೆದಾಗ ಎಲ್ಲಿಯವರೆಗೆ ಬಣ್ಣ ಕಪ್ಪಾಗಿದೆಯೋ ಅಲ್ಲಿಯವರೆಗೆ ನೀರು. ನಿನಗೆ ಮರೆತಿರಲಾರದು, ಅಮ್ಮ ನಮ್ಮಿಬ್ಬರ ಮೂಗಿಗೂ ಅದೇ ಸೀಮೆಸುಣ್ಣ ಬಳಿಯುತ್ತಿದ್ದಳು. ಶಾಲೆಯ ಪಕ್ಕದ ಏಳನೇ ಬಾವಿಯಲ್ಲಿ ಟೇಪು ತಳ ಮುಟ್ಟಿ ಮಲಗಿತು. ಎಳೆದರೆ ಹಳೆಯ ಚಪ್ಪಲಿಯ ಪಟ್ಟಿಯೊಂದು ಸಿಕ್ಕಿಕೊಂಡು ಬಂತು. ಸೀಮೆಸುಣ್ಣ ಹಚ್ಚಿದಾಗ ಹೇಗಿತ್ತೋ ಹಾಗೇ ಇತ್ತು. ಅದಕ್ಕೆ ಅಂಕಿ ಯಾವುದು, ನೀನೇ ಹೇಳು.

ಸೊನ್ನೆ ಹಾಕುತ್ತೀರಂತೆ. ಬುಗುರಿ, ನಾವು ಅಳೆಯುವುದು ಕಟ್ಟೆಯಿಂದ ನೀರಿಗೆ ಎಷ್ಟು ದೂರ ಅಂತ. ಸೊನ್ನೆ ಅಂದರೆ ನೀರು ಕಟ್ಟೆಯವರೆಗೆ ಬಂದು ತುಳುಕುತ್ತಿದೆ ಎಂದರ್ಥ. ಬತ್ತಿದ ಬಾವಿಗೆ ಸೊನ್ನೆ ಕೊಡುವವರು ನೀರನ್ನು ತಳದಿಂದ ಮೇಲಕ್ಕೆ ಅಳೆಯುವವರು. ನಿಮ್ಮ ಕಚೇರಿಯಲ್ಲಿ ಹಾಗೆ ಅಳೆಯುವವರು ಯಾರು?

ಕೇಳುವುದಕ್ಕೆ ಕಾರಣ ಇದೆ. ಹಳ್ಳದ ಆಚೆ ಬಾಟಲಿ ನೀರಿನ ಕಾರ್ಖಾನೆ ಬಂದಿದೆಯಲ್ಲ, ನಾಲ್ಕು ಆಳದ ಕೊಳವೆಬಾವಿ ಹಗಲಿರುಳು ಎಳೆಯುತ್ತಿವೆ. ಗೇಟಿನಲ್ಲಿ ಬೋರ್ಡು ಹಾಕಿದ್ದಾರೆ: ‘ವರ್ಷದಿಂದ ವರ್ಷಕ್ಕೆ ಅಂತರ್ಜಲ ಏರುತ್ತಿರುವ ಪ್ರದೇಶ.’ ಪಂಪು ರಿಪೇರಿ ಮಾಡುವ ಬೋಲ್ಟು ಅದನ್ನು ಓದಿ, “ಅಕ್ಕಾ, ಇದು ನಮ್ಮೂರಿನ ವಿಷ್ಯನಾ, ಬೇರೆ ಊರಿನ ಬೋರ್ಡು ತಪ್ಪಿ ಇಲ್ಲಿಗೆ ಬಂದಿದ್ಯಾ?” ಎಂದು ಕೇಳಿದ. ನನಗೂ ಹಾಗೇ ಅನ್ನಿಸಿತ್ತು. ಈಗ ನಿಮ್ಮ ಸೊನ್ನೆ ನೋಡಿದ ಮೇಲೆ ಬೇರೇನೋ ಅನ್ನಿಸುತ್ತಿದೆ.

ತಮ್ಮ ವಿಶ್ವಾಸಿ (ನನಗೂ ಬರುತ್ತದೆ),
ಬಾವಿ ವೀಕ್ಷಕಿ


೨ ಏಪ್ರಿಲ್

ಅಕ್ಕಾ,

‘ತಾವು’ ನನ್ನದಲ್ಲ. ಅದು ಅಚ್ಚಾದ ಕಾಗದ, ಸೊನ್ನೆಯೂ ಅಚ್ಚಿನದೇ. ನಾನು ತುಂಬಿದ್ದು ಬಾವಿಯ ನಂಬರನ್ನು, ನಿನ್ನ ಎರಡು ಪದಗಳನ್ನು. ಹಿಂಬದಿಯಲ್ಲಿ ಏನಾದರೂ ಬರೆಯಬೇಕೆಂದು ಪೆನ್ನು ಹಿಡಿದು ಕೂತಿದ್ದೆ. ಟಪಾಲು ಕಟ್ಟುವವರು ಬಂದರು, ಕೊಟ್ಟುಬಿಟ್ಟೆ.

ನಿನ್ನ ಕಾಗದ ಓದಿದ ಮೇಲೆ ಹಳೆಯದನ್ನೆಲ್ಲ ತೆಗೆದು ನೋಡಿದೆ. ಐದು ವರ್ಷದ ಹಿಂದೆ ಇಲ್ಲಿ ರಿಜಿಸ್ಟರು ಹೋಗಿ ಕಂಪ್ಯೂಟರು ಬಂತು. ರಿಜಿಸ್ಟರಿನ ಅಂಕಣದ ಮೇಲೆ ‘ಕಟ್ಟೆಯಿಂದ ನೀರಿಗೆ, ಅಡಿಗಳಲ್ಲಿ’ ಎಂದಿತ್ತು. ಪರದೆಯ ಮೇಲೆ ಅಷ್ಟು ಜಾಗವಿರಲಿಲ್ಲ. ಕಂಪ್ಯೂಟರಿನವನು “ಚಿಕ್ಕದಾಗಿ ಏನಾದ್ರೂ ಹೇಳಿ ಮೇಡಂ” ಎಂದ. ನಾನು ‘ನೀರಿನ ಮಟ್ಟ’ ಎಂದು ಹೇಳಿದೆ.

ಅಷ್ಟೇ ಆದದ್ದು. ಅಂಕಿ ಹೆಚ್ಚಿದರೆ ನೀರು ಇಳಿದಿದೆ ಎಂದು ಯಾರಿಗಾದರೂ ಹೇಳಿಕೊಡಬೇಕು ಎನ್ನುವುದು ನನ್ನ ತಲೆಗೇ ಬರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೆ ಯಾರು ಹೇಳಿಕೊಟ್ಟರು? ಅಮ್ಮ ಸುತ್ತು ಮುಗಿಸಿ ಬಂದು “ಇಪ್ಪತ್ತೆರಡು” ಎಂದು ಹೇಳಿದರೆ ನಾವಿಬ್ಬರೂ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದೆವು. “ಹದಿನೈದು” ಎಂದರೆ ಕುಣಿಯುತ್ತಿದ್ದೆವು.

ನಿನ್ನ ಅಂಕಿ ಮೂವತ್ತೊಂದು, ಮೂವತ್ತೆಂಟು, ನಲವತ್ತನಾಲ್ಕು ಎಂದು ಏರುತ್ತಾ ಹೋಗಿದೆ. ಕಂಪ್ಯೂಟರು ಅದನ್ನು ಹಸಿರು ಗೆರೆ ಮಾಡಿ ಮೇಲಕ್ಕೆ ಎಳೆದಿದೆ. ಎಂಜಿನಿಯರು ಆ ನಕ್ಷೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ನನ್ನ ಮೇಜಿನ ಹಿಂದಿನ ಗೋಡೆಗೆ ತೂಗುಹಾಕಿದ್ದಾರೆ. ನಾನು ದಿನಾ ಅದರ ಕೆಳಗೆ ಕೂತೇ ಊಟ ಮಾಡುತ್ತೇನೆ. ನೋಡಿಲ್ಲವೆಂದಲ್ಲ. ಮೇಲೇರುವ ಆ ಗೆರೆ ನೋಡಿ ‘ಪಾಪ, ಅಕ್ಕನ ಕಡೆ ಎಷ್ಟು ಇಳಿದುಹೋಗಿದೆ’ ಎಂದುಕೊಂಡು ಡಬ್ಬಿ ಮುಚ್ಚುತ್ತಿದ್ದೆ. ಅವರೆಲ್ಲ ಅದನ್ನು ನೋಡಿ ಖುಷಿಪಡುತ್ತಿದ್ದರು ಎಂದು ಗೊತ್ತಾದದ್ದು ಈಗ.

ಕಾರ್ಖಾನೆಗೆ ಅನುಮತಿ ಕೊಟ್ಟ ಕಡತವನ್ನೂ ನೋಡಿದೆ. ಅದರಲ್ಲಿ ಆ ನಕ್ಷೆ ಇದೆ. ಕೆಳಗೆ ‘ಅಂಕಿಗಳು ಮೂಲದೊಂದಿಗೆ ತಾಳೆಯಾಗಿವೆ’ ಎಂದು ನನ್ನ ಸಹಿ ಇದೆ. ತಾಳೆಯಾಗಿವೆ, ಅಕ್ಕಾ. ಒಂದೂ ತಪ್ಪಿಲ್ಲ.

ಹೇಳಿದರೆ ನನ್ನ ಕುರ್ಚಿ ಹೋಗುತ್ತದೆ. ಈ ಊರಿನಲ್ಲಿ ನನಗೆ ಆ ಕುರ್ಚಿ, ಒಂದು ಕೋಣೆ, ಕಿಟಕಿಯಲ್ಲಿ ಒಂದು ಗಿಡ ಬಿಟ್ಟರೆ ಬೇರೇನಿಲ್ಲ. ಏನು ಮಾಡಲಿ?

ನಿನ್ನ ತಂಗಿ


೧೪ ಏಪ್ರಿಲ್

ಬುಗುರಿ,

ಏನು ಮಾಡಲಿ ಎಂದು ಕೇಳುತ್ತೀಯಲ್ಲ, ನನಗೆ ಹೊಟ್ಟೆ ಉರಿಯಿತು. ನಿನ್ನ ಕಿಟಕಿಯ ಗಿಡಕ್ಕೆ ನಲ್ಲಿ ನೀರು ಹಾಕಿ ಬಂದು ಇದನ್ನು ಓದು.

ಹಳ್ಳ ನಿಂತಿದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಹಳ್ಳದಲ್ಲಿ ಹರಿಯುವುದು ಮೋಡದ ನೀರಲ್ಲ, ನೆಲದೊಳಗಿಂದ ಜಿನುಗಿ ಬಂದದ್ದು, ಬಾವಿ ಮತ್ತು ಹಳ್ಳ ಒಂದೇ ಮನೆಯವು ಎಂದು ಅಮ್ಮ ಹೇಳುತ್ತಿದ್ದಳು. ಬಾವಿಗಳು ಇಳಿದವು, ಹಳ್ಳವೂ ಹಿಂದೆಯೇ ಹೋಯಿತು. ಮೊದಲು ಗುಂಡಿಗುಂಡಿಯಾಯಿತು. ಗುಂಡಿಯಲ್ಲಿ ಮೀನುಗಳು ಒತ್ತೊತ್ತಾಗಿ ಬಾಯಿ ಮೇಲೆ ಮಾಡಿಕೊಂಡಿದ್ದವು. ನಾಲ್ಕು ದಿನ ಕೊಕ್ಕರೆಗಳಿಗೆ ಸುಗ್ಗಿ. ಆಮೇಲೆ ಕೊಕ್ಕರೆಗಳೂ ಇಲ್ಲ, ಕಪ್ಪೆಯ ಸದ್ದೂ ಇಲ್ಲ. ದಡದ ಮರಗಳು ತುದಿಯಿಂದ ಒಣಗುತ್ತಿವೆ. ಅಷ್ಟು ಹಳೆಯ ಮರಗಳ ಬೇರಿಗೂ ನೀರು ಎಟುಕುತ್ತಿಲ್ಲ.

ಶಾಲೆಯನ್ನು ಮಧ್ಯಾಹ್ನಕ್ಕೇ ಮುಚ್ಚುತ್ತಾರೆ, ಕಕ್ಕಸಿಗೆ ನೀರಿಲ್ಲ. ಉಳಿದ ಕೈಪಂಪು ಒತ್ತಿದರೆ ಗೂರಲು ಹಿಡಿದವರ ಹಾಗೆ ಕೆಮ್ಮುತ್ತದೆ, ಕೆಮ್ಮಿ ಕೆಮ್ಮಿ ಕೊಡುವ ನೀರು ಉಪ್ಪು. ಬಟ್ಟೆ ಒಗೆಯುತ್ತಿದ್ದಾಕೆ ತನ್ನ ಕಲ್ಲನ್ನು ಹಳ್ಳದಿಂದ ಉರುಳಿಸಿಕೊಂಡು ಹೋಗಿ ಮನೆಯ ಮುಂದೆ ಮೆಟ್ಟಿಲು ಮಾಡಿಕೊಂಡಿದ್ದಾಳೆ. ಅವಳ ತಾಯಿಯ ಕಾಲದ ಕಲ್ಲು ಅದು. ನಾನು ಅದನ್ನು ತುಳಿದು ಒಳಗೆ ಹೋಗಲಾರದೆ ಹೊರಗೇ ನಿಂತು ಮಾತಾಡಿಸಿ ಬಂದೆ.

ಇನ್ನೊಂದು ಹೇಳುತ್ತೇನೆ, ಇದು ಯಾವ ಅಂಕಣದಲ್ಲೂ ಬರುವುದಿಲ್ಲ. ಮೊದಲು ನನ್ನ ಸುತ್ತು ಮುಗಿಯಲು ಎರಡು ದಿನ ಬೇಕಿತ್ತು. ಟೇಪು ಇಳಿಸುವುದು ಐದು ನಿಮಿಷ, ಮಾತು ಒಂದು ಗಂಟೆ. ಯಾರಿಗೆ ಮಗುವಾಯಿತು, ಯಾರು ಯಾರ ಜೊತೆ ಮಾತು ಬಿಟ್ಟರು, ಎಲ್ಲ ಬಾವಿಕಟ್ಟೆಯಲ್ಲೇ ಸಿಗುತ್ತಿತ್ತು. ಈಗ ಟ್ಯಾಂಕರಿನ ಹಿಂದೆ ಸಾಲು ನಿಲ್ಲುತ್ತಾರೆ. ಸಾಲಿನಲ್ಲಿ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ, ಬೆನ್ನಿನ ಜೊತೆ ಏನು ಮಾತು? ನನ್ನ ಸುತ್ತು ಈಗ ಅರ್ಧ ದಿನದಲ್ಲಿ ಮುಗಿಯುತ್ತದೆ. ಹನ್ನೊಂದು ಬಾವಿ, ಒಂದು ನರಪಿಳ್ಳೆ ಇಲ್ಲ. ಮನೆಗೆ ಬಂದು ಹಿತ್ತಲಿನ ಹನ್ನೊಂದನೆಯದನ್ನು ಅಳೆದು, ಅಂಕಿಯನ್ನು ಗಟ್ಟಿಯಾಗಿ ಹೇಳುತ್ತೇನೆ, ಅಮ್ಮ ಹೇಳುತ್ತಿದ್ದ ಹಾಗೆ. ಮುಖ ಸಣ್ಣ ಮಾಡಿಕೊಳ್ಳುವುದಕ್ಕೂ ಯಾರಿಲ್ಲ.

ಗೊತ್ತಿದ್ದೂ ಸುಮ್ಮನಿರುವುದು ನಿನಗೆ ಹೊಸದಲ್ಲ ಬಿಡು. ಅಮ್ಮ ಹಾಸಿಗೆ ಹಿಡಿದಾಗಲೂ ನಾನು ನಿನಗೆ ಕಾರ್ಡು ಬರೆದೆ. ನೀನು ಎಲ್ಲ ಮುಗಿದ ಮೇಲೆ ಬಂದೆ. ಅವಳು ಆರು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು.

ಅಕ್ಕ


೬ ಮೇ

ಅಕ್ಕಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ಕೊನೆಯ ಮಾತಿಗೆ ಉತ್ತರ ಬರೆಯದೆ ಬೇರೆ ಯಾವುದಕ್ಕೂ ಕೈ ಹೋಗುತ್ತಿಲ್ಲ.

ನೀನು ಅಂದು ಬರೆದ ಕಾರ್ಡು ನನ್ನ ಹತ್ತಿರ ಇದೆ. ಅಳತೆಯ ಕಾರ್ಡೇ ಅದು. ಅಮ್ಮನ ಬದಲು ನೀನು ಸುತ್ತು ಹೋಗಿದ್ದೆ. ಅದರ ಹಿಂದಿನ ವಾರವಷ್ಟೇ ‘ಅಮ್ಮನಿಗೆ ಜ್ವರ’ ಎಂದು ಬರೆದಿದ್ದೆ. ಈ ಕಾರ್ಡಿನಲ್ಲಿ ಹನ್ನೊಂದು ಅಂಕಿ, ಅಂಚಿನಲ್ಲಿ ಎರಡು ಪದ: ‘ಅಮ್ಮನದು ಇಳಿದಿದೆ.’

ನಾನು ಜ್ವರ ಎಂದುಕೊಂಡೆ, ಅಕ್ಕಾ. ಜ್ವರ ಇಳಿದಿದೆ ಎಂದುಕೊಂಡೆ. ಪಕ್ಕದ ಮೇಜಿನವಳಿಗೆ “ನಮ್ಮಮ್ಮಂಗೆ ಇಳಿದಿದ್ಯಂತೆ” ಎಂದು ಹೇಳಿದೆ. ಅವಳು “ಸದ್ಯ” ಎಂದಳು. ಆ ದಿನ ಸಂಜೆ ನಾವಿಬ್ಬರೂ ಹೊರಗೆ ಹೋಗಿ ಕಾಫಿ ಕುಡಿದೆವು. ಆ ಕಾಫಿಯ ರುಚಿ ಇವತ್ತಿಗೂ ನನ್ನ ಬಾಯಲ್ಲಿದೆ.

ನಮ್ಮ ಮನೆಯಲ್ಲಿ ‘ಇಳಿದಿದೆ’ ಎನ್ನುವುದಕ್ಕೆ ಒಂದೇ ಅರ್ಥ. ಅದನ್ನು ಕೇಳಿಯೇ ಬೆಳೆದವಳು ನಾನು. ಎರಡು ವರ್ಷ ಊರು ಬಿಟ್ಟಿದ್ದಷ್ಟಕ್ಕೇ ಎಲ್ಲರ ಹಾಗೆ ಓದಿಬಿಟ್ಟೆ. ಆಮೇಲೆ ಬಂದಾಗ ನೀನು ನನ್ನ ಮುಖ ನೋಡಲಿಲ್ಲ. ನನಗೂ ಹೇಳಲು ನಾಚಿಕೆಯಾಯಿತು. ಒಂದು ಪದ ತಪ್ಪಾಗಿ ಓದಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಬರಲು ಮನಸ್ಸಿರಲಿಲ್ಲ ಎಂದು ನೀನು ತಿಳಿದುಕೊಂಡರೂ ಸರಿ ಎನ್ನಿಸಿತು.

ಒಂಬತ್ತು ವರ್ಷದಿಂದ ಪ್ರತಿ ತಿಂಗಳೂ ನಿನ್ನ ಕಾರ್ಡನ್ನು ಮೊದಲು ನೋಡುವವಳು ನಾನು. ಅಂಕಿ ನೋಡುವ ಮೊದಲು ಅಂಚು ನೋಡುತ್ತೇನೆ.

ಎಂಜಿನಿಯರಿಗೆ ಇನ್ನೂ ಹೇಳಿಲ್ಲ. ಹೇಳುತ್ತೇನೆ.

ಬುಗುರಿ


೧ ಜೂನ್

ಅಳತೆ ಕಾರ್ಡು. ಏಳು, ಎಂಟು, ಒಂಬತ್ತು: ಸೀಮೆಸುಣ್ಣ ಒದ್ದೆಯಾಗಲಿಲ್ಲ. ಮಿಕ್ಕವು ಹಿಂಬದಿಯಲ್ಲಿವೆ. ಹನ್ನೊಂದು: ಐವತ್ತನಾಲ್ಕು.

ನಿನ್ನ ಕಾಗದ ತಲುಪಿದೆ.

ವೀಕ್ಷಕಿ


೯ ಜುಲೈ

ಅಕ್ಕಾ,

ಹೇಳಿದೆ.

ಎಂಜಿನಿಯರು ಕೆಟ್ಟವರಲ್ಲ, ನನಗಿಂತ ಚಿಕ್ಕವರು. “ಸರ್, ಈ ನಕ್ಷೆ ಉಲ್ಟಾ ಇದೆ” ಎಂದೆ. ಅವರು ಎದ್ದು ಬಂದು ಅದನ್ನು ಮೊಳೆಯಿಂದ ಬಿಡಿಸಿ ತಲೆಕೆಳಗೆ ಮಾಡಿ ಹಿಡಿದರು. ಅಕ್ಷರಗಳೆಲ್ಲ ತಲೆಕೆಳಗಾದವು, ಗೆರೆ ಮಾತ್ರ ಆಗಲೂ ಮೇಲಕ್ಕೇ ಹೋಗುತ್ತಿತ್ತು. ಇಬ್ಬರೂ ಪೆದ್ದರ ಹಾಗೆ ನೋಡುತ್ತಾ ನಿಂತೆವು. ಆಮೇಲೆ ನಾನು ಅದನ್ನು ಇಸಕೊಂಡು, ಹಿಂಬದಿ ನಮ್ಮ ಕಡೆ ಬರುವಂತೆ ಹೊರಳಿಸಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಬೆಳಕು ಹಾಯ್ದು ಗೆರೆ ಕಂಡಿತು. ಎಡಗಡೆ ಎತ್ತರದಲ್ಲಿ ಶುರುವಾಗಿ ಬಲಗಡೆ ನೆಲಕ್ಕೆ ಬಿದ್ದಿತ್ತು.

ಅವರು ಹತ್ತಿರ ಬಂದು ಗೆರೆಯ ಮೇಲೆ ಬೆರಳು ಆಡಿಸಿದರು. ಆಮೇಲೆ, “ಐದು ವರ್ಷ ನೀವು ಇದರ ಕೆಳಗೇ ಕೂತಿದ್ರಲ್ಲಮ್ಮ” ಎಂದರು.

“ಕೂತಿದ್ದೆ ಸರ್. ನಂಗೆ ಮೊದಲಿಂದಲೂ ಅದು ಇಳಿತಾ ಇರೋ ಹಾಗೇ ಕಾಣ್ತಿತ್ತು.”

“ಮತ್ತೆ ಹೇಳ್ಬಾರ್ದಿತ್ತಾ?”

“ನಿಮಗೂ ಹಾಗೇ ಕಾಣ್ತಿದೆ ಅಂದ್ಕೊಂಡಿದ್ದೆ.”

ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಕೂತುಕೊಂಡು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡರು. ಈಗ ವಿಚಾರಣೆ ನಡೆಯುತ್ತಿದೆ. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ನೆಲಮಾಳಿಗೆಯ ಹಳೆಯ ಕಾಗದದ ಕೋಣೆಗೆ ಹಾಕಿದ್ದಾರೆ. ಕಿಟಕಿಯಿಲ್ಲ. ಊಟಕ್ಕೆ ಮೇಲೆ ಹೋದರೆ ಮಾತು ನಿಂತುಹೋಗುತ್ತದೆ, ಅದಕ್ಕೆ ಕೆಳಗೇ ಡಬ್ಬಿ ಬಿಚ್ಚುತ್ತೇನೆ. ನೀನು ಬೆನ್ನಿನ ಜೊತೆ ಏನು ಮಾತು ಎಂದು ಬರೆದಿದ್ದೆಯಲ್ಲ, ನನಗೆ ಈಗ ಬೆನ್ನೂ ಇಲ್ಲ.

ಜುಲೈ ಕಾರ್ಡು ಬಂದಿದ್ದರೂ ನನ್ನ ಕೈಗೆ ಬರುವುದಿಲ್ಲ. ಅಂಚಿನಲ್ಲಿ ಏನಾದರೂ ಬರೆದಿದ್ದರೆ ಇನ್ನೊಂದು ಸಲ ಬರೆ.

ಬುಗುರಿ


೨೧ ಆಗಸ್ಟ್

ಬುಗುರಿ,

ಏನೂ ಬರೆದಿರಲಿಲ್ಲ. ಬರೆಯಬೇಕಿತ್ತು.

ನಿನ್ನ ಮೇ ತಿಂಗಳ ಕಾಗದ ಬಂದ ದಿನ ಒಲೆಯ ಮುಂದೆಯೇ ಕೂತುಬಿಟ್ಟೆ. ಜ್ವರ ಇಳಿಯುತ್ತದೆ ಎಂದು ಲೋಕವೆಲ್ಲ ಹೇಳುತ್ತದೆ, ನಾನೂ ಹೇಳುತ್ತೇನೆ. ಆ ಕಾರ್ಡು ಬರೆಯುವಾಗ ಮಾತ್ರ ನನಗೆ ಅದು ನೆನಪಾಗಲಿಲ್ಲ. ಆ ದಿನ ಜ್ವರ ನಿಜವಾಗಿಯೂ ಬಿಟ್ಟಿತ್ತು, ಇಳಿದದ್ದು ಅಮ್ಮ. ಅನ್ನ ಬಿಟ್ಟಿದ್ದಳು, ಕೈ ಹಿಡಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ‘ಇಳಿದಿದೆ’ ಎಂದು ಬರೆದರೆ ನೀನು ಮರುದಿನದ ಬಸ್ಸಿಗೇ ಬರುತ್ತೀಯ ಎಂದು ನಂಬಿದ್ದೆ. ಇನ್ನೊಂದೇ ಒಂದು ಅಕ್ಷರ ಬರೆದಿದ್ದರೆ ಸಾಕಿತ್ತು. ‘ಬಾ’ ಎಂದು. ಅಂಚಿನಲ್ಲಿ ಜಾಗವಿತ್ತು, ನಾನು ಬರೆಯಲಿಲ್ಲ. ತಾಯಿಯನ್ನು ನೋಡಲು ಕರೆಯಬೇಕಾ ಎಂದು ಬಿಂಕ ನನಗೆ. ನೀನು ಅಂಕಣದ ತಲೆಬರಹ ಚಿಕ್ಕದು ಮಾಡಿದೆ ಎಂದು ನಾನು ನಿನ್ನ ಮೇಲೆ ಹಾರಾಡಿದೆ, ನೋಡು.

ಮಳೆ ಬಂದಿದೆ, ಚೆನ್ನಾಗಿಯೇ ಬಂದಿದೆ. ರಸ್ತೆಯಲ್ಲಿ ಕೆಸರು, ಎಲ್ಲೆಲ್ಲೂ ಹುಲ್ಲು. ಗೂಡಂಗಡಿಯವನು “ಇನ್ನೇನಕ್ಕಾ, ಬರ ಹೋಯ್ತು. ಇನ್ನೂ ಟೇಪ್ ಹಿಡ್ಕೊಂಡು ತಿರುಗ್ತೀರಲ್ಲ” ಎಂದು ನಗುತ್ತಾನೆ. ಅವನಿಗೆ ಹೇಗೆ ಹೇಳಲಿ? ಮೇಲಿನ ಬರ ಎಲ್ಲರಿಗೂ ಕಾಣುತ್ತದೆ, ದೂಳು ಏಳುತ್ತದೆ, ಹುಲ್ಲು ಒಣಗುತ್ತದೆ. ಕೆಳಗಿನ ಬರಕ್ಕೆ ಮುಖವಿಲ್ಲ. ಜನ ಕೊಡೆ ಹಿಡಿದು ಓಡಾಡುವಾಗಲೂ ಅದು ಕೆಳಗೆ ನಡೆಯುತ್ತಲೇ ಇರುತ್ತದೆ. ಬಿದ್ದ ಮಳೆಯನ್ನು ಮೊದಲು ಮಣ್ಣು ಕುಡಿಯುತ್ತದೆ, ಆಮೇಲೆ ಬೇರು. ಮಿಕ್ಕ ತೊಟ್ಟು ಬಂಡೆಯ ಬಿರುಕು ಹುಡುಕಿಕೊಂಡು ಇಳಿಯಬೇಕು. ಅದಕ್ಕೆ ವರ್ಷಗಳು ಬೇಕು, ಪಂಪಿಗೆ ಒಂದು ಗಂಟೆ ಸಾಕು. ಕೊಡೆ ಹಿಡಿದುಕೊಂಡೇ ಹನ್ನೊಂದನೆಯದನ್ನು ಅಳೆದೆ. ಐವತ್ತೇಳು. ತಲೆಯ ಮೇಲೆ ಮಳೆ ಸುರಿಯುತ್ತಿತ್ತು, ಕೆಳಗೆ ನೀರು ಇನ್ನೂ ಇಳಿದಿತ್ತು.

ಸುತ್ತು ಈಗ ಮತ್ತೆ ಎರಡು ದಿನ ಹಿಡಿಯುತ್ತಿದೆ, ಮಾತಿನಿಂದಲ್ಲ. ಸೈಕಲ್ಲು ತುಳಿದರೆ ಉಸಿರು ಕಟ್ಟುತ್ತದೆ, ತಳ್ಳಿಕೊಂಡು ಹೋಗುತ್ತೇನೆ. ಬಟ್ಟೆ ಒಗೆಯುತ್ತಿದ್ದಾಕೆ ನನ್ನನ್ನು ನಿಲ್ಲಿಸಿ, “ಏನಕ್ಕಾ ಇಷ್ಟು ಇಳಿದುಹೋಗಿದ್ದೀರಿ” ಎಂದು ಕೇಳಿದಳು. ವಯಸ್ಸಾಯಿತು ಎಂದೆ. ಆಸ್ಪತ್ರೆಯವರು ಏನೇನೋ ಬರೆದುಕೊಟ್ಟಿದ್ದಾರೆ, ಅವರ ಅಕ್ಷರ ನನಗೆ ತಿಳಿಯುವುದಿಲ್ಲ.

ನಿನ್ನ ಕುರ್ಚಿ ಹೋದದ್ದಕ್ಕೆ ನನಗೆ ಸಂಕಟವಾಗಿದೆ. ಅಮ್ಮ ಇದ್ದಿದ್ದರೆ ಅವಳಿಗೆ ಸಂಕಟವಾಗುತ್ತಿರಲಿಲ್ಲ, ಖುಷಿಯಿಂದ ನಿನ್ನ ಮೂಗಿಗೆ ಸೀಮೆಸುಣ್ಣ ಬಳಿಯುತ್ತಿದ್ದಳು.

ಅಕ್ಕ


೧೨ ಸೆಪ್ಟೆಂಬರ್

ಅಕ್ಕಾ,

ಕಾರ್ಖಾನೆಯ ನಾಲ್ಕೂ ಪಂಪು ನಿಲ್ಲಿಸಲು ಆದೇಶ ಹೋಗಿದೆ. ಸದ್ಯಕ್ಕೆ ಅಷ್ಟೇ, ಮುಂದೇನು ಎಂದು ಯಾರಿಗೂ ಗೊತ್ತಿಲ್ಲ. ಅಂಕಣದ ತಲೆಬರಹ ಬದಲಾಗಿದೆ. ‘ಕಟ್ಟೆಯಿಂದ ನೀರಿಗೆ’ ಎಂದೇ ಇದೆ. ಅಕ್ಷರ ಸ್ವಲ್ಪ ಸಣ್ಣದು ಮಾಡಿದರೆ ಪರದೆಯಲ್ಲಿ ಹಿಡಿಸುತ್ತಿತ್ತಂತೆ.

ನೆಲಮಾಳಿಗೆಯಲ್ಲಿ ಅಮ್ಮನ ಮೊದಲ ಕಾರ್ಡು ಸಿಕ್ಕಿತು. ಹನ್ನೊಂದನೇ ಬಾವಿ, ಒಂಬತ್ತು ಅಡಿ. ಒಂಬತ್ತು, ಅಕ್ಕಾ. ಬಗ್ಗಿದರೆ ನಮ್ಮ ಮುಖ ಕಾಣುತ್ತಿತ್ತು.

ಒಂದು ಮಾತು ಕೇಳಬೇಕು. ಕೇಳದಿದ್ದರೂ ನಿನಗೆ ತಿಳಿಯುತ್ತದೆ ಎಂದು ಸುಮ್ಮನಿರುವ ಚಾಳಿ ನನಗಿನ್ನು ಬೇಡ. ನನಗೆ ರಜೆ ಬೇಕಾದಷ್ಟಿದೆ. ಹೋಗಲು ಬೇರೆ ಮನೆಯಿಲ್ಲ. ಆಸ್ಪತ್ರೆಯ ಚೀಟಿಯನ್ನು ನಾನು ಓದಿ ಹೇಳಬಲ್ಲೆ. ನಾನು ಬರಲಾ?

ಬುಗುರಿ


೧ ಅಕ್ಟೋಬರ್

ಅಳತೆ ಕಾರ್ಡು. ಕಚೇರಿಯದನ್ನು ಬೇರೆ ಹಾಕಿದ್ದೇನೆ, ಇದು ನಿನಗೆ.

ನಾಲ್ಕು, ಏಳು, ಎಂಟು, ಒಂಬತ್ತು: ಸೀಮೆಸುಣ್ಣ ಒದ್ದೆಯಾಗಲಿಲ್ಲ. ಹಳ್ಳದ ಪಕ್ಕದ ಮೂರನೆಯದು ಅರ್ಧ ಅಡಿ ಮೇಲೆ ಬಂದಿದೆ. ಪಂಪು ನಿಂತದ್ದಕ್ಕೋ, ನನ್ನ ಕೈ ನಡುಗಿದ್ದಕ್ಕೋ, ಇನ್ನೊಬ್ಬರು ಅಳೆದು ನೋಡಬೇಕು. ಹನ್ನೊಂದು: ಐವತ್ತೆಂಟು.

ನನ್ನದೂ ಇಳಿದಿದೆ. ಬಾ.

ಬರುವಾಗ ಸೀಮೆಸುಣ್ಣ ತಾ, ನೀಲಿಯದು.

ಅಕ್ಕ